ಸಭೆಯ ಬಾಗಿಲ ಹೊರಗಿನ ಚರ್ಮವಾದ್ಯ: ಅಕ್ರೊಪಾಂಗ್, ಮಂಗಳೂರು, ದೊಡ್ಡಆಲಹಳ್ಳಿ

ಆಫ್ರಿಕದ ಚರ್ಮವಾದ್ಯಗಳ ಕಾರ್ಯಾಗಾರವು ಬೆಂಗಳೂರಿಗೆ ಈಗ ಅಪರೂಪದ ಸಂಗತಿಯಲ್ಲ. ಶಾಲೆಗಳಲ್ಲಿ, ಕಂಪನಿಗಳ ತರಬೇತಿ ದಿನಗಳಲ್ಲಿ, ಯುವಜನರ ಕೂಟಗಳಲ್ಲಿ ಮೂವತ್ತು ನಲವತ್ತು ಮಂದಿ ವರ್ತುಲವಾಗಿ ಕುಳಿತು, ಜೆಂಬೆಯನ್ನು ಮೊಣಕಾಲುಗಳ ನಡುವೆ ಇರಿಸಿಕೊಂಡು, ಮಾರ್ಗದರ್ಶಕನ ಕೈಸನ್ನೆಗೆ ತಕ್ಕಂತೆ ಬಾರಿಸುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ನಗರದ ಸಭೆಗಳ ಗಾಯನತಂಡಗಳೂ ಈ ವಾದ್ಯವನ್ನು ಸಂತೋಷದಿಂದ ಬರಮಾಡಿಕೊಂಡಿವೆ. ಅದೇ ಬೆಂಗಳೂರಿನಿಂದ ಕನಕಪುರದ ಹಾದಿ ಹಿಡಿದು ದೊಡ್ಡಆಲಹಳ್ಳಿಯ ಕಡೆಗೆ ಹೋದರೆ ಕೇಳಿಬರುವ ಚರ್ಮವಾದ್ಯ ಬೇರೆ. ಅದು ತಮಟೆ. ಗ್ರಾಮದೇವತೆಯ ಹಬ್ಬಕ್ಕೂ ಸಾವಿನ ಮೆರವಣಿಗೆಗೂ ಅದು ಬೇಕು. ಬಾರಿಸುವ ಮುನ್ನ ಅದನ್ನು ಬೆಂಕಿಗೆ ಹಿಡಿದು ಕಾಯಿಸಬೇಕು. ಸಾವಿರಾರು ಮೈಲಿ ದೂರದ ವಾದ್ಯಕ್ಕೆ ಸುಲಭವಾಗಿ ತೆರೆದುಕೊಂಡ ನಮ್ಮ ದೇವಾಲಯಗಳ ಬಾಗಿಲು ಪಕ್ಕದ ಕೇರಿಯ ವಾದ್ಯಕ್ಕೆ ಅಷ್ಟು ಸುಲಭವಾಗಿ ತೆರೆಯಲಿಲ್ಲ. ಇದರ ಕಾರಣವನ್ನು ನಾವು ಸಭಾಚರಿತ್ರೆಯಲ್ಲಿಯೇ ಹುಡುಕಬೇಕಾಗಿದೆ.

ಬಾಸೆಲ್ ಮಿಷನ್ನಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೂವರು ಮಿಷನರಿಗಳಿಂದ ಆರಂಭಿಸುತ್ತೇವೆ. ಆದರೆ ಅದೇ ಮಿಷನ್ 1828ರಲ್ಲಿಯೇ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾ ದೇಶಕ್ಕೆ, ತನ್ನ ಸೇವಕರನ್ನು ಕಳುಹಿಸಿತ್ತು. ಮಂಗಳೂರಿನಲ್ಲಿ 1847ರಲ್ಲಿ ಸೆಮಿನರಿ ಸ್ಥಾಪನೆಯಾಯಿತು. ಗೋಲ್ಡ್ ಕೋಸ್ಟಿನ ಅಕ್ರೊಪಾಂಗ್‌ನಲ್ಲಿ 1848ರಲ್ಲಿ. ಎರಡರಲ್ಲಿಯೂ ಉಪದೇಶಿಗಳನ್ನು ಸಿದ್ಧಪಡಿಸಿದ್ದು ಒಂದೇ ಬಗೆಯ ಭಕ್ತಿಪಂಥದ ಶಿಸ್ತು. ಇಲ್ಲಿ ಕಿಟೆಲ್ ಕನ್ನಡ ನಿಘಂಟಿಗಾಗಿ ದುಡಿಯುತ್ತಿದ್ದ ಕಾಲದಲ್ಲಿ ಅಲ್ಲಿ ಕ್ರಿಸ್ಟಾಲರ್ ಟ್ವಿ ಭಾಷೆಯ ವ್ಯಾಕರಣವನ್ನೂ (1875) ನಿಘಂಟನ್ನೂ (1881) ಸಿದ್ಧಪಡಿಸಿದನು. ಆ ಭಾಷೆಯ ಸಾವಿರಾರು ಗಾದೆಗಳನ್ನು ಸಂಗ್ರಹಿಸಿ ಪ್ರಕಟಿಸಿದನು. ನಾವು ಮಂಗಳೂರನ್ನು ಮಾತ್ರ ನೋಡುತ್ತಾ ಬಂದದ್ದರಿಂದ ಈ ಜೋಡಿ ಚರಿತ್ರೆ ಕಣ್ಣಿಗೆ ಬೀಳಲಿಲ್ಲ.

ಟ್ವಿ ಭಾಷೆಯಲ್ಲಿ ಸ್ವರದ ಏರಿಳಿತವೇ ಅರ್ಥವನ್ನು ನಿರ್ಣಯಿಸುತ್ತದೆ. ಆದಕಾರಣ ಅಟುಂಪಾನ್ ಎಂಬ ಜೋಡಿವಾದ್ಯ, ಒಂದು ಏರುದನಿಯದು ಮತ್ತೊಂದು ಇಳಿದನಿಯದು, ಅಕ್ಷರಶಃ ಮಾತಾಡಬಲ್ಲದು. ಅರಸರ ಬಿರುದುಗಳು, ಗಾದೆಗಳು, ಸತ್ತ ಹಿರಿಯರ ಹೆಸರುಗಳು ಅದರ ಮೇಲೆ ನುಡಿಯಲ್ಪಡುತ್ತವೆ. ಹಿರಿಯರ ಹೆಸರು ನುಡಿಯುವುದೇ ಮಿಷನರಿಗಳಿಗೆ ತೊಡಕಾಯಿತು. ಕ್ರೈಸ್ತರಾದವರು ಊರಿನಿಂದ ಪ್ರತ್ಯೇಕವಾಗಿ ‘ಸೇಲಂ’ ಎಂಬ ಬಡಾವಣೆಗಳಲ್ಲಿ ನೆಲೆಸಿದರು. ಊರಿನ ವಾದ್ಯವೂ ಕುಣಿತವೂ ಅವರಿಗೆ ನಿಷಿದ್ಧವಾದವು. ಗಾದೆಗೆ ಪುಸ್ತಕದಲ್ಲಿ ಸ್ಥಳ ಸಿಕ್ಕಿತು, ಗಾದೆಯನ್ನು ನುಡಿಯುವ ವಾದ್ಯಕ್ಕೆ ಸಭೆಯಲ್ಲಿ ಸ್ಥಳ ಸಿಗಲಿಲ್ಲ.

ಈ ನಿಷೇಧದ ಬೆಲೆ ತೆತ್ತವರಲ್ಲಿ ಎಫ್ರಾಯಿಮ್ ಆಮು (1899–1995) ಪ್ರಮುಖರು. ಅಕ್ರೊಪಾಂಗ್ ಕಾಲೇಜಿನಲ್ಲಿ ಸಂಗೀತ ಕಲಿಸುತ್ತಿದ್ದ ಅವರು ತಮ್ಮ ಜನರ ರಾಗತಾಳಗಳಲ್ಲಿ ಕ್ರಿಸ್ತೀಯ ಗೀತೆಗಳನ್ನು ರಚಿಸಿದರು, ದೇಶೀಯ ವಾದ್ಯಗಳನ್ನು ಬಳಸಿದರು, ಆಫ್ರಿಕದ ಉಡುಪಿನಲ್ಲಿಯೇ ಪ್ರಸಂಗವೇದಿಕೆ ಏರಿದರು. 1933ರಲ್ಲಿ ಅವರನ್ನು ಕಾಲೇಜಿನಿಂದ ಹೊರಹಾಕಲಾಯಿತು. ಆ ವೇಳೆಗೆ ಸಭೆಯ ಆಡಳಿತ ಬಾಸೆಲಿನವರ ಕೈಯಲ್ಲಿರಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಅವರನ್ನು ಕಳುಹಿಸಿಬಿಟ್ಟಿತ್ತು. ಸ್ಕಾಟ್ಲೆಂಡಿನವರ ಮೇಲ್ವಿಚಾರಣೆಯಲ್ಲಿ ಸಭೆಯನ್ನು ನಡೆಸುವುದರಲ್ಲಿ ಸ್ಥಳೀಯ ಹಿರಿಯರಿಗೂ ಪಾಲಿತ್ತು. ನಿಷೇಧವು ಅದನ್ನು ತಂದವರ ಆಡಳಿತ ಮುಗಿದ ಮೇಲೆಯೂ ಬಾಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಕಾಲೇಜಿನಲ್ಲಿ ಕಲಿತು ಕಲಿಸಿದ ಎನ್‌ಕೆಟಿಯಾ 1963ರಲ್ಲಿ ಅಕಾನ್ ಜನರ ವಾದ್ಯಗಳನ್ನು ಕುರಿತು ಬರೆದ ಗ್ರಂಥ ಇಂದು ಆ ವಿಷಯದ ಮೂಲಗ್ರಂಥವೆನಿಸಿದೆ.

ಮಂಗಳೂರಿನ ಕಡೆ ತಿರುಗಿದರೆ ಚಿತ್ರ ಬಹಳ ಬೇರೆಯಲ್ಲ. ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದನು. ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದನು. ಈ ಉಪಕಾರವನ್ನು ನಾವು ಮರೆಯಲಾಗದು. ಆದರೆ ಅವರ ಕಿವಿಗೆ ಮಾನ್ಯವಾದದ್ದು ಪದ, ಛಂದಸ್ಸು, ರಾಗ. ತುಳುನಾಡಿನ ಡೋಲು ತಾಸೆಗಳು ಭೂತಾರಾಧನೆಗೆ ಸೇರಿದವು, ಆದ್ದರಿಂದ ದೂರ. 1894ರ ಕಿಟೆಲ್ ಕೋಶದಲ್ಲಿ ತಮಟೆ ಎಂಬ ಶಬ್ದವಿದೆ. ಕೋಶದೊಳಗೆ ಬಂದ ತಮಟೆ ಆರಾಧನೆಯೊಳಗೆ ಬರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿ ಮಿಷನರಿಗಳ ಮೇಲೆ ದೋಷ ಹೊರಿಸಿ ಎದ್ದುಹೋಗುವುದು ಸುಲಭ. ಅದು ಅರ್ಧ ಚರಿತ್ರೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತಮಟೆ ಬಾರಿಸುವುದು ಕಲೆಯೆಂದು ಯಾರೂ ಒಪ್ಪಿಕೊಂಡ ಕಾಲವಿರಲಿಲ್ಲ. ಅದು ಹೊಲೆಯ ಮಾದಿಗ ಕೇರಿಗಳಿಂದ ಊರು ವಸೂಲು ಮಾಡುತ್ತಿದ್ದ ಬಿಟ್ಟಿ ಚಾಕರಿಯ ಭಾಗ. ಸತ್ತ ದನವನ್ನು ಎಳೆಯುವ ಕೈಯೇ ಅದರ ಚರ್ಮವನ್ನು ಹದಮಾಡಬೇಕು, ಆ ಚರ್ಮದ ವಾದ್ಯವನ್ನು ದೇವರ ಮುಂದೆ ಬಾರಿಸಬೇಕು, ಆದರೆ ಗುಡಿಯೊಳಗೆ ಕಾಲಿಡಬಾರದು. 1927ರಲ್ಲಿ ಮಹಾಡಿನಲ್ಲಿ ಅಂಬೇಡ್ಕರರು ಸತ್ತ ದನದ ಮಾಂಸವನ್ನು ಬಿಡಿರೆಂದು ಕರೆಕೊಟ್ಟಾಗ ಈ ಸರಪಣಿಯನ್ನೇ ಕಡಿಯಲು ಹೇಳಿದರು. ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ಕಾನೂನು ರದ್ದುಗೊಳಿಸಿದ್ದು 1961ರಷ್ಟು ತಡವಾಗಿ. ಹೀಗಿರುವಾಗ ದೀಕ್ಷಾಸ್ನಾನ ಹೊಂದಿದ ದಲಿತ ಕುಟುಂಬವೊಂದು ತಮಟೆಯನ್ನು ಕೆಳಗಿಟ್ಟರೆ ಅದನ್ನು ಸಂಸ್ಕೃತಿಯ ನಷ್ಟವೆಂದು ಬರೆಯುವ ಹಕ್ಕು ನಮಗೆಲ್ಲಿಯದು? ಆ ಕೆಳಗಿಡುವಿಕೆಯೂ ಒಂದು ವಿಶ್ವಾಸ ಪ್ರಮಾಣವೇ. ಮನೆಯ ಗೋಡೆಗೆ ತಮಟೆ ತೂಗುಹಾಕಿ ಅಲಂಕಾರ ಮಾಡುವ ಇಂದಿನ ಅಭಿಮಾನಿಗಳು ಇದನ್ನು ಸ್ವಲ್ಪ ಯೋಚಿಸಬೇಕು.

ಜೆಂಬೆಗೆ ಈ ಭಾರವಿಲ್ಲ, ಆದಕಾರಣವೇ ಅದು ನಮಗೆ ಪ್ರಿಯ. ಅದನ್ನು ಮುಟ್ಟಿದವನ ಜಾತಿಯನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಆದರೆ ಹುಟ್ಟಿದೂರಿನಲ್ಲಿ ಅದಕ್ಕೂ ಕುಲದ ನಂಟಿದೆ: ಮಾಂಡೆ ಜನರಲ್ಲಿ ಅದನ್ನು ಕೆತ್ತುವ ಕೆಲಸ ನೂಮು ಎಂಬ ಕಮ್ಮಾರ ಕುಲಕ್ಕೆ ಸೇರಿದ್ದು, ಆ ಕುಲದವರು ತಮ್ಮೊಳಗೇ ವಿವಾಹವಾಗುವವರು. ಅದು ಲೋಕಸಂಚಾರಕ್ಕೆ ಹೊರಟದ್ದು 1950ರ ದಶಕದಲ್ಲಿ, ಗಿನಿಯ ಫೊಡೆಬಾ ಕೆಯಿಟಾ ಕಟ್ಟಿದ ನೃತ್ಯತಂಡದೊಂದಿಗೆ. ಆಫ್ರಿಕದ ಚರ್ಮವಾದ್ಯಗಳನ್ನು ಅಮೆರಿಕದ ಸಾಮಾನ್ಯ ಜನರಿಗೆ ಕಲಿಸಿ ಹೆಸರಾದವರು ನೈಜೀರಿಯದ ಬಾಬಾತುಂಡೆ ಒಲಾತುಂಜಿ. ಅವರ ಧ್ವನಿಮುದ್ರಿಕೆ 1960ರಲ್ಲಿ ಹೊರಬಂತು. ಎಲ್ಲರೂ ವರ್ತುಲವಾಗಿ ಕುಳಿತು ಬಾರಿಸುವ ಕೂಟದ ರೂಪ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿಯೇ, ದಕ್ಷಿಣ ಕರೊಲೈನದಲ್ಲಿ, 1739ರ ಗುಲಾಮರ ದಂಗೆಯ ಮರುವರ್ಷ ಗುಲಾಮರು ಚರ್ಮವಾದ್ಯ ಇಟ್ಟುಕೊಳ್ಳಬಾರದೆಂದು ಕಾನೂನಾಗಿತ್ತು. ನಮ್ಮ ಕೈಗೆ ಬಂದಿರುವ ಜೆಂಬೆ ಈ ಇತಿಹಾಸಗಳೆಲ್ಲ ತೊಳೆದುಹೋದ ಜೆಂಬೆ.

ಆಫ್ರಿಕದ ವಾದ್ಯಪರಂಪರೆಯನ್ನು ಕಾಣಲು ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡು ಸೀಮೆಗಳ ಸಿದ್ದಿಗಳಲ್ಲಿದೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡವಾಗಿ ಗುರುತಿಸಲ್ಪಟ್ಟರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕಥೋಲಿಕರಿದ್ದಾರೆ. ಮೂವರಿಗೂ ದಮಾಮಿಯ ಬಡಿತ ತಮ್ಮದೇ. ಉದ್ದನೆಯ ಮರದ ಪೀಪಾಯಿಯ ಎರಡೂ ಬಾಯಿಗೆ ಚರ್ಮ ಬಿಗಿದ ವಾದ್ಯವದು. ಕರ್ನಾಟಕದ ಸಭೆಯೊಂದು ಆಫ್ರಿಕದ ವಾದ್ಯ ಕಲಿಯಲು ಬಯಸಿದಾಗ ಹಳಿಯಾಳದ ಸಿದ್ದಿ ವಿಶ್ವಾಸಿಯ ನೆನಪಾಗುವುದಿಲ್ಲವೆಂಬುದು ನಮ್ಮ ಸಂಬಂಧಗಳ ಬಗ್ಗೆ ಏನನ್ನೋ ಹೇಳುತ್ತದೆ.

ದೈವಶಾಸ್ತ್ರಜ್ಞರು ಈ ವಿಷಯವನ್ನು ಕೈಬಿಟ್ಟಿಲ್ಲ. ಮದುರೆಯ ತಮಿಳುನಾಡು ದೈವಶಾಸ್ತ್ರ ಸೆಮಿನರಿಯಲ್ಲಿ ತಿಯೊಫಿಲಸ್ ಅಪ್ಪಾವು ಜನಪದ ಧಾಟಿಯಲ್ಲಿ ಆರಾಧನಾಕ್ರಮವನ್ನೇ ರಚಿಸಿದರು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಬೋಧಿಸಿದ ಸತ್ಯನಾಥನ್ ಕ್ಲಾರ್ಕ್ 1998ರ ತಮ್ಮ ಗ್ರಂಥದಲ್ಲಿ ಪರೈವಾದ್ಯವನ್ನು ಕ್ರಿಸ್ತನನ್ನು ಅರಿಯುವ ಒಂದು ಸಂಕೇತವಾಗಿ ವಿವೇಚಿಸಿದರು. ರಾಮನಗರದ ಬಳಿಯ ಜಾನಪದ ಲೋಕವು ಈ ಬಗೆಯ ಕಲೆಗಳಿಗೆ ಗೌರವದ ಸ್ಥಾನ ಕೊಟ್ಟಿತು. 2023ರಲ್ಲಿ ತಮಟೆವಾದಕ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಇಷ್ಟಾದರೂ ಪ್ರಶಸ್ತಿಯ ವೇದಿಕೆಗೂ ಭಾನುವಾರದ ಆರಾಧನೆಗೂ ನಡುವಣ ದೂರ ಕಡಿಮೆಯಾಗಿಲ್ಲ.

ವಿಮೋಚನಕಾಂಡದ ಹದಿನೈದನೆಯ ಅಧ್ಯಾಯದಲ್ಲಿ ಸಮುದ್ರ ದಾಟಿದ ಮಿರ್ಯಾಮಳು ಕೈಗೆತ್ತಿಕೊಂಡದ್ದು ತೋಫ್. ಕನ್ನಡ ಬೈಬಲಿನ ಭಾಷಾಂತರಕಾರರು ಅದನ್ನು ದಮ್ಮಡಿ ಎಂದರು. ಸರಿಯಾಗಿಯೇ ಹೇಳಿದರು, ಬಳೆಯಾಕಾರದ ಚೌಕಟ್ಟಿಗೆ ಒಂದು ಮಗ್ಗುಲು ಚರ್ಮ ಬಿಗಿದ ವಾದ್ಯವದು. ರೂಪದಲ್ಲಿ ಅದಕ್ಕೆ ಹತ್ತಿರದ ಬಂಧು ತಮಟೆಯೇ ಹೊರತು ಜೆಂಬೆಯಲ್ಲ. ಅದನ್ನು ಬಾರಿಸಿದವರು ನಿನ್ನೆಯವರೆಗೆ ಬಿಟ್ಟಿ ಚಾಕರಿಯಲ್ಲಿದ್ದವರು; ಆದರೆ ಈ ಸಲ ಫರೋಹನ ಅಪ್ಪಣೆಯಿಂದ ಬಾರಿಸಲಿಲ್ಲ.

ಆದ್ದರಿಂದ ಕಾರ್ಯಾಗಾರಗಳನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ವರ್ತುಲದಲ್ಲಿ ಎಲ್ಲರೂ ಬಾರಿಸಬೇಕು, ಬರಿದೇ ಕೇಳುವವರು ಯಾರೂ ಇರಬಾರದು ಎಂಬ ಅದರ ನಿಯಮ ತಮಟೆಗೆ ಅತ್ಯಗತ್ಯವಾದದ್ದು. ಕನಕಪುರ ತಾಲ್ಲೂಕಿನಲ್ಲಿ, ಜೆಸ್ವಿತರ ಕಾಲದಿಂದ ತಮ್ಮ ವಿಶ್ವಾಸದ ಚರಿತ್ರೆಯನ್ನು ಎಣಿಸುವ ಹಾರೋಬೆಲೆಯಂಥ ಕಥೋಲಿಕ ಊರಿನಲ್ಲಾಗಲಿ, ದೊಡ್ಡಆಲಹಳ್ಳಿಯ ಸುತ್ತಿನಲ್ಲಾಗಲಿ ಅಂಥದೊಂದು ಶಿಬಿರ ನಡೆಸುವ ಸಭಾಪಾಲಕರು ಮೊದಲು ಕೇರಿಗೆ ಹೋಗಿ ಕೇಳಲಿ: ತಮಟೆ ಕಲಿಸಲು ನಿಮಗೆ ಇಷ್ಟವೇ? ಇಷ್ಟವಿಲ್ಲವೆಂದರೆ ಆ ಮಾತನ್ನು ಗೌರವಿಸಿ ಹಿಂತಿರುಗಲಿ. ಇಷ್ಟವೆಂದರೆ ನಗರದಿಂದ ಬರುವ ಜೆಂಬೆ ಶಿಕ್ಷಕನಿಗೆ ಕೊಡುವಷ್ಟೇ ಸಂಭಾವನೆ ಕೊಡಲಿ, ಅದೇ ಕುರ್ಚಿ ಹಾಕಲಿ, ಊಟಕ್ಕೆ ಜೊತೆಯಲ್ಲಿ ಕುಳ್ಳಿರಿಸಿಕೊಳ್ಳಲಿ. ಕಲಿಯುವವರ ಸಾಲಿನಲ್ಲಿ ಮೊದಲು ತಮಟೆ ಹಿಡಿಯುವವರು ಮೇಲ್ಜಾತಿಗಳಿಂದ ಬಂದ ಕ್ರೈಸ್ತರ ಮಕ್ಕಳಾಗಲಿ.