ಉಪ್ಪು, ಸಕ್ಕರೆ ಮತ್ತು ಜೀವಕೋಶದ ಬಾಗಿಲು

ಆಷಾಢ ಏಕಾದಶಿ ಸಮೀಪಿಸಿದಾಗ ಜ್ಞಾನೇಶ್ವರ, ತುಕಾರಾಮರ ಪಾಲಖಿಗಳು ಪುಣೆಯನ್ನು ಹಾದು ಪಂಢರಪುರಕ್ಕೆ ಸಾಗುವುದನ್ನು ಇಲ್ಲಿಯ ಕನ್ನಡಿಗರೆಲ್ಲರೂ ಕಂಡವರೇ. ವಿಠಲನು ನಮ್ಮ ದಾಸರಿಗೂ ಆರಾಧ್ಯದೈವ. ಹೀಗಾಗಿ ಈ ಯಾತ್ರೆ ನಮಗೆ ಹೊರಗಿನದಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಯಾತ್ರೆಗೆ ಹೊರಟವರು ಮರಳಿ ಬರುವರೆಂಬ ಭರವಸೆ ಮನೆಯವರಿಗಿರುತ್ತಿರಲಿಲ್ಲ. ಕಾರಣ, ನಾವು ವಾಂತಿಭೇದಿ ಎಂದೂ ಮರಾಠಿಗರು ಪಟಕಿ ಎಂದೂ ಕರೆಯುವ ಕಾಲರಾ. 1817ರಲ್ಲಿ ಬಂಗಾಳದ ಜೆಸ್ಸೋರಿನಲ್ಲಿ ಉಲ್ಬಣಿಸಿದ ಈ ಬೇನೆ ಮರುವರ್ಷವೇ ದಖ್ಖನ್ನಿಗೆ ತಲುಪಿತು. ಮುಂದೆ ಜಾತ್ರೆಗಳಲ್ಲಿ ಹಬ್ಬಿ, ಯಾತ್ರಿಕರೊಡನೆ ಊರೂರು ಸುತ್ತಿತು.

ಕಾಲರಾದಲ್ಲಿ ಮನುಷ್ಯ ಸಾಯುವುದು ನೀರಿಲ್ಲದೆ. ತೀವ್ರವಾದಾಗ ಗಂಟೆಗೆ ಒಂದು ಲೀಟರಿನಷ್ಟು ದ್ರವ ದೇಹದಿಂದ ಹೊರಟುಹೋಗುತ್ತದೆ. ಕುಡಿಸಿದರೆ ಭೇದಿ ಹೆಚ್ಚುತ್ತದೆಂದು ರೋಗಿಗೆ ನೀರನ್ನೇ ನಿಲ್ಲಿಸುತ್ತಿದ್ದವರೂ ಇದ್ದರು. ಇದಕ್ಕಿಂತ ಕ್ರೂರವಾದ ಉಪಚಾರ ಬೇರೆ ಇರಲಾರದು.

ನೀರು ಹೋಗುವುದೇಕೆಂದು ತಿಳಿಯಲು ಜೀವಕೋಶದ ಬಳಿಗೆ ಹೋಗಬೇಕು. ಸಣ್ಣ ಕರುಳಿನ ಒಳಗೋಡೆಗೆ ಒಂದೇ ಸಾಲು ಕೋಶಗಳ ಹಾಸು. ಪ್ರತಿ ಕೋಶಕ್ಕೂ ಕೊಬ್ಬಿನ ಎರಡು ಪದರಗಳ ಪೊರೆ. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗೂ ಕಡಿಮೆ. ಉಪ್ಪಾಗಲಿ ಸಕ್ಕರೆಯಾಗಲಿ ಈ ಪೊರೆಯನ್ನು ತಾನಾಗಿ ದಾಟಲಾರದು. ಪ್ರೋಟೀನಿನ ಬಾಗಿಲುಗಳು ಬೇಕು. ನೀರು ಮಾತ್ರ ಉಪ್ಪು ಹೋದತ್ತ ಹೋಗುತ್ತದೆ. ಶಾಲೆಯಲ್ಲಿ ಅಭಿಸರಣೆ ಎಂದು ಓದಿದ್ದು ಇದನ್ನೇ.

1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿದ. ಅದು ಸ್ರವಿಸುವ ವಿಷವೇ ಭೇದಿಗೆ ಕಾರಣವೆಂದು 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿದವರು ಅದೇ ಕಲ್ಕತ್ತೆಯ ಶಂಭುನಾಥ ದೇ. (ಇಷ್ಟು ದೊಡ್ಡ ಕೆಲಸ ಮಾಡಿದವರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?) ಈ ವಿಷ ಕೋಶದಲ್ಲಿ ಕ್ಲೋರೈಡಿನ ಬಾಗಿಲನ್ನು ತೆರೆದೇ ಇಡುತ್ತದೆ. ಉಪ್ಪು ಹೊರಗೆ ಸುರಿಯುತ್ತದೆ, ಹಿಂದೆಯೇ ನೀರು.

ಆದರೆ ವಿಷ ಮುಟ್ಟದ ಇನ್ನೊಂದು ಬಾಗಿಲಿದೆ. 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿಜ್ಞಾನಿ ಅದನ್ನು ವಿವರಿಸಿದ: ಗ್ಲೂಕೋಸು ಒಳಗೆ ಹೋಗುವುದು ಸೋಡಿಯಂನ ಕೈ ಹಿಡಿದುಕೊಂಡು. ಕೋಶದ ಇನ್ನೊಂದು ಮಗ್ಗುಲಲ್ಲಿ ಸೋಡಿಯಂ ಅನ್ನು ಹೊರದೂಡುವ ಪಂಪು ಸದಾ ನಡೆಯುತ್ತಿರುತ್ತದೆ. ಅದನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಕಂಡುಹಿಡಿದಿದ್ದ. ಈ ಪಂಪಿನಿಂದಾಗಿ ಕೋಶದೊಳಗೆ ಸೋಡಿಯಂ ಕಡಿಮೆ. ಆದ್ದರಿಂದ ಹೊರಗಿನ ಸೋಡಿಯಂ ಒಳನುಗ್ಗುತ್ತದೆ, ಜೊತೆಗೆ ಗ್ಲೂಕೋಸನ್ನೂ ಎಳೆದೊಯ್ಯುತ್ತದೆ. ಅವೆರಡರ ಬೆನ್ನಿಗೆ ನೀರು ಒಳಬರುತ್ತದೆ. ಬರಿಯ ಉಪ್ಪುನೀರು ಕುಡಿಸಿದರೆ ಕಾಲರಾ ರೋಗಿಗೆ ಸಾಲದು. ಸಕ್ಕರೆ ಬೆರೆಸಿದರೆ ಸಾಕು!

ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಇಂಥ ನೀರನ್ನು ಕುಡಿಸಿ ರೋಗಿಗಳನ್ನು ಉಳಿಸಿದ್ದರು, ವೈದ್ಯಲೋಕ ಕಿವಿಗೊಡಲಿಲ್ಲ. 1968ರಲ್ಲಿ ಢಾಕಾದ ಪ್ರಯೋಗಗಳು ಆಸ್ಪತ್ರೆಯಲ್ಲಿ ಇದನ್ನು ಸಿದ್ಧಪಡಿಸಿದವು. ನಿಜವಾದ ಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿಯ ಬನಗಾಂವಿನಲ್ಲಿ ಕಿಕ್ಕಿರಿದಿದ್ದರು. ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು. ನರಕ್ಕೆ ಏರಿಸುವ ಸಲೈನು ಮುಗಿಯುತ್ತಿತ್ತು. ಡಾ. ದಿಲೀಪ ಮಹಲನಬಿಸ್ ಕಾಯ್ದುಕೊಂಡು ಕೂರಲಿಲ್ಲ. ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಅಡಿಗೆ ಉಪ್ಪು, 2.5 ಗ್ರಾಂ ಸೋಡಾ ಆಗುವಂತೆ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸುವ ಕೆಲಸವನ್ನು ರೋಗಿಗಳ ತಾಯಿ, ಅಕ್ಕ, ಅಣ್ಣಂದಿರಿಗೇ ವಹಿಸಿದರು. ನೂರಕ್ಕೆ ಸುಮಾರು ಮೂವತ್ತು ಇದ್ದ ಸಾವು, ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ 3.6ಕ್ಕೆ ಇಳಿಯಿತು. ಈ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆ ಇದಾಗಿರಬಹುದೆಂದು 1978ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಬರೆಯಿತು. ಡಾ. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರುವರ್ಷ.

ನಮ್ಮ ಅಡಿಗೆಮನೆಯ ಮಾತನ್ನೂ ಹೇಳಬೇಕು. ಅಜ್ಜಿಯರು ಕೊಡುತ್ತಿದ್ದ ಉಪ್ಪು ಹಾಕಿದ ಗಂಜಿಯ ತಿಳಿಯೂ ಇದೇ ಬಾಗಿಲನ್ನು ತಟ್ಟುತ್ತದೆ, ಏಕೆಂದರೆ ಅಕ್ಕಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸಾಗುತ್ತದೆ. 1980ರ ದಶಕದಲ್ಲಿ ಢಾಕಾದ ವೈದ್ಯರು ಅಕ್ಕಿಹಿಟ್ಟಿನ ದ್ರಾವಣವನ್ನೇ ಪರೀಕ್ಷಿಸಿ ಒಪ್ಪಿದರು. ಸಿಹಿ ಹೆಚ್ಚಿದರೆ ಮಾತ್ರ ಕೆಲಸ ಕೆಡುತ್ತದೆ: ಕರುಳಿನಲ್ಲಿ ಉಳಿದ ಸಕ್ಕರೆ ಕೋಶಗಳಿಂದಲೇ ನೀರನ್ನು ಹೊರಗೆಳೆಯುತ್ತದೆ. ಅದಕ್ಕಾಗಿಯೇ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗ್ಲೂಕೋಸನ್ನು 13.5 ಗ್ರಾಮಿಗೂ ಉಪ್ಪನ್ನು 2.6 ಗ್ರಾಮಿಗೂ ಇಳಿಸಿತು. ಪೊಟ್ಟಣ ಸಿಗದಿದ್ದಾಗ ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಚಹಾದ್ದು.