ಶಾಲೆಯೊಳಗಣ ಕಾಲೇಜು

ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಪಾಠಗಳನ್ನೋದಿ ಅದರ ಪರೀಕ್ಷೆಗಳಿಗೆ ಕೂಡುವುದು ಪರದೇಶದ ಹೊಸ ಪದ್ಧತಿಯೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಅಮೆರಿಕದಲ್ಲಿ 1950ರ ದಶಕದಿಂದ ಅಂಥ ಏರ್ಪಾಡು ನಡೆದುಬಂದಿರುವುದು ನಿಜವೇ. ಆದರೆ ಶಾಲೆಯು ಎಲ್ಲಿ ಮುಗಿದು ಕಾಲೇಜು ಎಲ್ಲಿ ಮೊದಲಾಗುವುದೆಂಬ ಗೆರೆಯೇ ನಮ್ಮ ನಾಡಿನಲ್ಲಿ ಅತ್ತಿತ್ತ ಸರಿಯುತ್ತ ಬಂದಿರುವುದನ್ನು ವಾಚಕರು ಲಕ್ಷಿಸಬೇಕು.

ಸಂಸ್ಕೃತ ಪಾಠಶಾಲೆಯಲ್ಲಿ ಆ ಗೆರೆಯು ಅಷ್ಟು ನಿಷ್ಠುರವಾಗಿರಲಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿ ರಘುವಂಶದ ಎರಡು ಸರ್ಗಗಳನ್ನು ಮುಗಿಸಿದ ಬಾಲಕನು ಲಘುಕೌಮುದಿಗೆ ತೊಡಗುವನು. ಗುರುಗಳು ಅವನ ವಯಸ್ಸನ್ನು ಕೇಳುತ್ತಿರಲಿಲ್ಲ, ಸೂತ್ರವನ್ನು ಕೇಳುತ್ತಿದ್ದರು.

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದ ಮೇಲೆ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಅವೇ ನಡೆಸತೊಡಗಿದವು. ಹೀಗಾಗಿ ಹೈಸ್ಕೂಲಿನ ಹುಡುಗನು ಬರೆದದ್ದೇ ವಿಶ್ವವಿದ್ಯಾನಿಲಯದ ಪರೀಕ್ಷೆ. ಆದರೆ ಶಾಲೆಯಲ್ಲಿರುವಾಗಲೇ ಕಾಲೇಜಿನ ಮಟ್ಟವನ್ನು ಮೀರಿದವನಿಗೆ ಅಲ್ಲಿ ಮಾರ್ಗವಿರಲಿಲ್ಲ. ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಅವರು ಲೋನಿಯ ತ್ರಿಕೋಣಮಿತಿಯನ್ನು ಬಾಲ್ಯದಲ್ಲಿಯೇ ಅರಗಿಸಿಕೊಂಡು, 1903ರಲ್ಲಿ, ಇನ್ನೂ ಟೌನ್ ಹೈಸ್ಕೂಲಿನಲ್ಲಿರುವಾಗಲೇ, ಕಾರ್ ಎಂಬವನ ಗಣಿತಸಂಗ್ರಹವನ್ನು ಕೈಗೆತ್ತಿಕೊಂಡರು. ಸಾವಿರಾರು ಪ್ರಮೇಯಗಳ ಆ ಗ್ರಂಥವನ್ನು ಸ್ವಂತವಾಗಿ ಸಾಧಿಸಿದವರು ಮುಂದೆ ಎಫ್.ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಈ ವಿಚಿತ್ರವನ್ನು ಏನೆನ್ನೋಣ!

ಇನ್ನು ನಮ್ಮ ಕಡೆಯ ಮಾತು. ಮುಲ್ಲಾಮಾರಿ ಹರಿಯುವ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡವು ಆಗ ನಿಜಾಮರ ರಾಜ್ಯಕ್ಕೆ ಸೇರಿತ್ತು. ಹೈದರಾಬಾದಿನ ನಿಜಾಂ ಕಾಲೇಜು 1887ರಿಂದ ಮದರಾಸಿನ ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿದ್ದಿತು, ಅಲ್ಲಿ ಇಂಗ್ಲಿಷು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು, ಅಲ್ಲಿ ಉರ್ದು. ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕೊಡಬಹುದೆಂದು ಉಸ್ಮಾನಿಯಾ ತೋರಿಸಿಕೊಟ್ಟಿತು, ಇದನ್ನು ಒಪ್ಪಲೇಬೇಕು. ಆದರೆ ಮನೆಯಲ್ಲಿ ಕನ್ನಡವಾಡುವ ಹಳ್ಳಿಯ ಕೂಸಿಗೆ ಕಾಲೇಜಿನ ಬಾಗಿಲು ಎರಡು ಕಡೆಯಲ್ಲಿಯೂ ಅನ್ಯಭಾಷೆಯ ಬೀಗದಿಂದ ಮುಚ್ಚಿತ್ತು. ಗಣಿತದಲ್ಲಿ ಎಷ್ಟು ಮುಂದಿದ್ದರೇನು? ಲೆಕ್ಕದ ಪ್ರಶ್ನೆಯನ್ನು ಓದುವುದಕ್ಕೇ ಮೊದಲು ಇನ್ನೊಂದು ವಿದ್ಯೆ ಬೇಕಾಗಿತ್ತು.

1948ರಲ್ಲಿ ನಿಜಾಮರ ಆಳ್ವಿಕೆಯು ಕೊನೆಗಂಡಿತು. 1956ರಲ್ಲಿ ಕಲಬುರ್ಗಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆ ನಡುವೆಯೇ ಗೆರೆಯು ಮತ್ತೆ ಸರಿಯುವ ಸೂಚನೆಯಾಯಿತು. ಅದುವರೆಗೆ ಇಂಟರ್‌ಮೀಡಿಯೆಟ್ ಎಂಬ ಎರಡು ವರ್ಷಗಳು ಕಾಲೇಜಿನವಾಗಿದ್ದವು. 1952-53ರ ಮುದಲಿಯಾರ್ ಆಯೋಗವು ಅದನ್ನು ಸೀಳಿ, ಒಂದು ವರ್ಷವನ್ನು ಶಾಲೆಗೂ ಇನ್ನೊಂದನ್ನು ಪದವಿಗೂ ಕೂಡಿಸಬೇಕೆಂದಿತು. ನಿನ್ನೆ ಕಾಲೇಜಿನದಾಗಿದ್ದ ಪಾಠವೇ ಇಂದು ಶಾಲೆಯದು! 1964-66ರ ಕೊಠಾರಿ ಆಯೋಗದ ತರುವಾಯ ಹತ್ತು, ಎರಡು, ಮೂರು ಎಂಬ ಕ್ರಮವು ಬಂದಿತು. ಆ ನಡುವಣ ಎರಡು ವರ್ಷಗಳನ್ನು ಕೇಂದ್ರೀಯ ಶಾಲೆಗಳು ಹನ್ನೊಂದನೆಯ, ಹನ್ನೆರಡನೆಯ ತರಗತಿಗಳೆನ್ನುವವು; ಕರ್ನಾಟಕದಲ್ಲಿ ಅವೇ ಪದವಿಪೂರ್ವ ಕಾಲೇಜು. ಒಂದೇ ವಯಸ್ಸಿನವರು ಒಂದೇ ತ್ರಿಕೋಣಮಿತಿಯನ್ನೋದುತ್ತಿದ್ದರೂ ಕಲಬುರ್ಗಿಯ ಒಂದು ಬೀದಿಯಲ್ಲಿ ಶಾಲಾಬಾಲಕರು, ಮತ್ತೊಂದು ಬೀದಿಯಲ್ಲಿ ಕಾಲೇಜು ವಿದ್ಯಾರ್ಥಿಗಳು.

ಇದು ಬರಿಯ ಹೆಸರಿನ ವ್ಯತ್ಯಾಸವೆಂದು ನಗುವವರುಂಟು. ನಾನು ನಗಲಾರೆ. ಶಾಲೆಯೆಂದರೆ ಊರ ಕಣ್ಣೆದುರಿನದು. ಕಾಲೇಜೆಂದೊಡನೆ ಮೋಟಾರು, ವಸತಿ, ವೆಚ್ಚ, ಹೆಣ್ಣುಮಗಳಾದರೆ ತಂದೆತಾಯಿಗಳ ಹಿಂಜರಿಕೆ. ಹೈಸ್ಕೂಲಿನ ಆವರಣದಲ್ಲಿಯೇ ಪದವಿಪೂರ್ವ ತರಗತಿಗಳನ್ನು ಕೂಡಿಸಿದ ಸಂಯುಕ್ತ ಕಾಲೇಜುಗಳು ಈ ದೃಷ್ಟಿಯಿಂದ ಹಳ್ಳಿಗಾಡಿಗೆ ಮಹೋಪಕಾರವನ್ನು ಮಾಡಿವೆ. 2022ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯೂ ದ್ವಿತೀಯ ಪಿ.ಯು. ಪರೀಕ್ಷೆಯೂ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯೆಂಬ ಒಂದೇ ಸಂಸ್ಥೆಯ ಅಧೀನಕ್ಕೆ ಬಂದಿವೆ. ಆ ಹೆಸರಿನಲ್ಲಿ ಶಾಲೆಯೆಂಬ ಶಬ್ದವಿದೆ, ಕಾಲೇಜೆಂಬುದಿಲ್ಲ. ತರಗತಿಯ ಬಾಗಿಲಿನ ಫಲಕದ ಮೇಲೆ ಮಾತ್ರ ಇನ್ನೂ ಕಾಲೇಜೆಂದೇ ಬರೆದಿರುವುದು.