ಗೋಡೆಯಲ್ಲಿ ಉಳಿದ ಗೋಪುರಗಳು

ಹೊಯ್ಸಳರ ಗುಡಿಗಳ ಹೊರಗೋಡೆಯಲ್ಲಿ ದೇವರ ವಿಗ್ರಹಗಳಷ್ಟೇ ಒತ್ತಾಗಿ ಕಾಣುವ ಇನ್ನೊಂದು ಕೆಲಸವಿದೆ: ಕಲ್ಲಿನಲ್ಲಿ ಕಡೆದ ಪುಟ್ಟ ಗುಡಿ. ಒಂದೋ ಎರಡೋ ಅರೆಗಂಬಗಳ ಮೇಲೆ ಅದು ಕೂತಿರುತ್ತದೆ. ಅಂತಸ್ತು, ಕೊರಳು, ಶಿಖರ, ಕಳಶ ಎಲ್ಲವೂ ಅದರಲ್ಲಿ ಉಂಟು. ಬೇಲೂರು, ಹಳೇಬೀಡು, ಅರಸೀಕೆರೆಗಳಿಗೆ ಬಂದವರು ಮದನಿಕೆಯರನ್ನೂ ಆನೆಸಾಲನ್ನೂ ಕಣ್ತುಂಬ ನೋಡುತ್ತಾರೆ. ಈ ಕಿರುಗುಡಿಗಳನ್ನು ಅಲಂಕಾರವೆಂದುಕೊಂಡು ದಾಟಿಬಿಡುತ್ತಾರೆ. ಆದರೆ ಇವು ಅಳತೆ ತಗ್ಗಿಸಿ ಮಾಡಿದ ಮಾದರಿಗಳು. ದೊಡ್ಡ ಗೋಪುರಗಳು ಬಿದ್ದುಹೋದ ಕಡೆ, ಅವು ಹೇಗಿದ್ದವೆಂದು ಹೇಳಲು ಇವೇ ಉಳಿದಿವೆ.

ಗುಡಿಯ ಮೈಮೇಲೆ ಗುಡಿ ಕಡೆಯುವ ರೂಢಿ ಹೊಯ್ಸಳರಿಗಿಂತ ಬಹಳ ಹಳೆಯದು. ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲೇ ಅಂತಸ್ತುಗಳ ಅಂಚಿಗೆ ಇಂಥ ಮಾದರಿಗಳ ಸಾಲಿದೆ. ಚೌಕದ ತಳದ್ದು ಕೂಟ, ಉದ್ದನೆಯ ಕಮಾನು ಮಾಡಿನದು ಶಾಲೆ, ಕುದುರೆಲಾಳದ ಮುಖದ್ದು ಪಂಜರ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಲಕ್ಕುಂಡಿಯಲ್ಲಿ, ಇಟಗಿಯಲ್ಲಿ, ಬಳ್ಳಿಗಾವೆಯಲ್ಲಿ ಈ ಸಾಲು ಅಂತಸ್ತಿನಿಂದ ಗೋಡೆಗೂ ಇಳಿಯಿತು. ಇಡೀ ಗುಡಿಯೇ ಸಣ್ಣ ಗುಡಿಗಳು ಕೂಡಿ ಬೆಳೆದ ರಚನೆಯೆಂದು ವಾಸ್ತು ಇತಿಹಾಸಕಾರ ಆಡಂ ಹಾರ್ಡಿ ವಿವರಿಸಿದ್ದು ಈ ಪರಂಪರೆಯನ್ನು ಓದಿಯೇ. ಹೂವಿನಹಡಗಲಿ ಸೀಮೆಯ ಹೊಳಲಿನ ಅಮೃತೇಶ್ವರ ಗುಡಿಯಲ್ಲಿ ಬಮ್ಮೋಜನೆಂಬ ಶಿಲ್ಪಿಯನ್ನು ಹೊಗಳುವ ಶಾಸನವಿದೆ. ನಾಗರ, ಕಳಿಂಗ, ದ್ರಾವಿಡ, ವೇಸರವೆಂಬ ನಾಲ್ಕು ಬಗೆಯ ಕಟ್ಟಡಗಳನ್ನು ಬಲ್ಲವನೆಂಬುದು ಅಲ್ಲಿ ಅವನಿಗೆ ಸಂದ ದೊಡ್ಡ ಮೆಚ್ಚುಗೆ. ಶಿಲ್ಪಿಯಾದವನು ತನ್ನ ಊರಿನ ರೀತಿಯನ್ನಷ್ಟೇ ಅಲ್ಲ, ದೂರದ ನಾಡುಗಳ ರೀತಿಯನ್ನೂ ಕೈಯಲ್ಲಿ ಇಟ್ಟುಕೊಂಡಿರಬೇಕಿತ್ತು. ಆ ತಿಳಿವಳಿಕೆಯನ್ನು ತೋರಿಸಲು ಗೋಡೆಯ ಮೇಲಿನ ಕಿರುಗುಡಿಗಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಇಷ್ಟು ನವುರಾದ ಕೆಲಸಕ್ಕೆ ಕಲ್ಲು ಒದಗಬೇಕು. ಪಟ್ಟದಕಲ್ಲಿನವರದು ಮರಳುಗಲ್ಲು, ಹೊಯ್ಸಳರ ಶಿಲ್ಪಿಗಳು ಹಿಡಿದದ್ದು ಹಸಿರು ಛಾಯೆಯ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೃದು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಕಂಬಗಳನ್ನು ತಿರುಗಣಿಗೆ ಕೊಟ್ಟು ಸುತ್ತುಗೆರೆ ತೆಗೆಯಲು, ಆಭರಣದ ಸರವನ್ನು ಮೈಯಿಂದ ಬಿಡಿಸಿ ಅದರ ಹಿಂದೆ ಗಾಳಿಯಾಡುವಂತೆ ಕಡೆಯಲು ಸಾಧ್ಯವಾದದ್ದು ಇದರಿಂದಲೇ. ಗೋಡೆಯ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರೊಳಗೊಂದು ಕೂರುವಂತೆ ಜೋಡಿಸುತ್ತಿದ್ದರು.

ಬೇಲೂರಿನ ಚೆನ್ನಕೇಶವ ಗುಡಿಯನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ. ಇಂದು ಅದರ ಗರ್ಭಗುಡಿಯ ಮೇಲೆ ಶಿಖರವಿಲ್ಲ. ಅಲ್ಲಿದ್ದ ಇಟ್ಟಿಗೆ ಗಾರೆಯ ಗೋಪುರವನ್ನು, ಕೆಳಗಿನ ಕಟ್ಟಡದ ಮೇಲಿನ ಭಾರ ಇಳಿಸಲೆಂದು, 1879ರಲ್ಲಿ ಕಳಚಲಾಯಿತು. ಹಾಗಾದರೆ ಮೊದಲಿನ ಶಿಖರ ಯಾವ ಬಗೆಯದು? ಉತ್ತರ ಮೆಟ್ಟಿಲುಗಳ ಪಕ್ಕದಲ್ಲೇ ಇದೆ. ನವರಂಗಕ್ಕೆ ಹತ್ತುವ ಮೆಟ್ಟಿಲುಗಳ ಇಕ್ಕೆಲಗಳಲ್ಲಿ ನಿಂತ ಕಿರುಗುಡಿಗಳ ಶಿಖರಗಳು ಭೂಮಿಜ ರೀತಿಯವು. ನಾಲ್ಕು ದಿಕ್ಕಿನ ನಡುವಿಗೂ ಮೇಲಿಂದ ಕೆಳಗೆ ಇಳಿಯುವ ಒಂದು ಪಟ್ಟಿ. ಪಟ್ಟಿಗಳ ನಡುವೆ ಒಂದರ ಮೇಲೊಂದು ಪೋಣಿಸಿದ ಪುಟಾಣಿ ಕೂಟಗಳು. ಇದು ಮಾಳವದಲ್ಲಿ ಬೆಳೆದ ರೀತಿ. ಪರಮಾರ ಅರಸ ಉದಯಾದಿತ್ಯನ ಉದಯಪುರದ ಗುಡಿ ಅದರ ಹೆಸರಾಂತ ನಿದರ್ಶನ. ಹೊಯ್ಸಳ ಗುಡಿಗಳನ್ನು ಒಂದೊಂದಾಗಿ ಅಳೆದು ಬರೆದ ಗೆರಾರ್ಡ್ ಫೂಕೆಮಾ ಮೊದಲಾದವರು, ಗರ್ಭಗುಡಿಯ ನಕ್ಷತ್ರಾಕಾರದ ತಳಕ್ಕೂ ಈ ಕಿರುಗುಡಿಗಳ ಶಿಖರಕ್ಕೂ ಇರುವ ಹೊಂದಿಕೆ ನೋಡಿ, ಚೆನ್ನಕೇಶವನ ಶಿಖರವೂ ಭೂಮಿಜವೇ ಇದ್ದಿರಬೇಕೆಂದು ಊಹಿಸಿದರು. ಮಾದರಿಯಿಂದ ಮೂಲವನ್ನು ಮತ್ತೆ ಕಟ್ಟಿ ನೋಡುವ ಈ ದಾರಿ ಗಟ್ಟಿಯಾದದ್ದೇ. ಮೆಟ್ಟಿಲ ಪಕ್ಕದ ಶಿಲ್ಪಿ ತಲೆಯೆತ್ತಿ ನೋಡಿದರೆ ಕಾಣುತ್ತಿದ್ದ, ಇಲ್ಲವೇ ಮೇಲೇಳಲಿದ್ದ ಕಟ್ಟಡವನ್ನೇ ಕಡೆಯುತ್ತಿದ್ದ.

ಆದರೂ ಇವು ಗೆರೆ ಹಾಕಿದಂತೆ ಇಳಿಸಿದ ಪ್ರತಿಗಳಲ್ಲ. ಇಂದು ಯುದ್ಧದ ಜೆಟ್ ವಿಮಾನದ ಪ್ಲಾಸ್ಟಿಕ್ ಮಾದರಿ ಕೂಡಿಸುವ ಹವ್ಯಾಸಿಗೆ 1:32 ಅಥವಾ 1:48 ಎಂಬ ಒಂದೇ ಅಳತೆ ಕಟ್ಟಳೆಯಾಗುತ್ತದೆ. ರೆಕ್ಕೆಯ ಮೊಳೆಯಿಂದ ಚಕ್ರದವರೆಗೆ ಎಲ್ಲವೂ ಅದೇ ಪ್ರಮಾಣದಲ್ಲಿ ಕುಗ್ಗಬೇಕು. ಹೊಯ್ಸಳ ಶಿಲ್ಪಿ ಭಾಗಕ್ಕೊಂದು ಅಳತೆ ಹಿಡಿದ. ನೆಲದಿಂದ ನೋಡುವವನ ಕಣ್ಣಿಗೆ ಸಿಗದ ಗೀರುಗಳನ್ನು ಬಿಟ್ಟ, ಶಿಖರದ ಬಾಗು ಮತ್ತು ಕಳಶವನ್ನು ತುಸು ಹಿಗ್ಗಿಸಿದ. ಹತ್ತಿರ ನಿಂತರೆ ಒಂದು ಕಿರುಶಿಖರದ ಒಂದೊಂದು ಅಂತಸ್ತಿನಲ್ಲೂ ಇನ್ನೂ ಚಿಕ್ಕ ಕೂಟಗಳು ಕಾಣುತ್ತವೆ. ಕಟ್ಟಡದೊಳಗಿನ ಕಟ್ಟಡ ಬೆರಳ ಗಾತ್ರಕ್ಕೆ ಬಂದರೂ ತನ್ನ ಕ್ರಮ ಬಿಡುವುದಿಲ್ಲ. ಏನನ್ನು ಉಳಿಸಬೇಕು, ಏನನ್ನು ಕೈಬಿಡಬೇಕು ಎಂಬ ಈ ಆಯ್ಕೆಯಲ್ಲೇ ಕಸುಬಿನ ಹಿರಿಮೆ ಇದೆ.

ದೋರಸಮುದ್ರ, ಅಂದರೆ ಇಂದಿನ ಹಳೇಬೀಡಿನಲ್ಲಿ, ಇದೇ ಕೈಚಳಕ ಯುದ್ಧಕ್ಕೂ ತಿರುಗಿತು. ಹೊಯ್ಸಳೇಶ್ವರ ಗುಡಿಯ ಕೆಲಸ 1121ರ ಹೊತ್ತಿಗೆ ಕೇತಮಲ್ಲನೆಂಬ ಅಧಿಕಾರಿಯ ಮುಂದಾಳುತನದಲ್ಲಿ ನಡೆದಿತ್ತು. ಅದರ ತಳದ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರ ಸಾಲುಗಳನ್ನು ದಾಟಿದರೆ ರಾಮಾಯಣ ಮಹಾಭಾರತಗಳ ಕಾಳಗಗಳು ಬರುತ್ತವೆ. ಗಾಲಿ, ಬಾವುಟ, ಬತ್ತಳಿಕೆ ಯಾವುದನ್ನೂ ಮರೆಯದೆ ರಥಗಳನ್ನು ಕಡೆದಿದ್ದಾರೆ. ಅಭಿಮನ್ಯುವಿನ ಚಕ್ರವ್ಯೂಹವಂತೂ ನಿಂತು ನೋಡಬೇಕಾದ್ದು. ಸುರುಳಿ ಸುತ್ತುವ ವ್ಯೂಹದ ದಾರಿಯನ್ನು ಮೇಲಿಂದ ಕಂಡಂತೆ, ಕಾದಾಡುವವರನ್ನು ಪಕ್ಕದಿಂದ ಕಂಡಂತೆ ಒಂದೇ ಕಲ್ಲಿನಲ್ಲಿ ತಂದಿದ್ದಾರೆ. ಸೈನ್ಯದ ಹೂಡಿಕೆಯೊಂದನ್ನು ನಕ್ಷೆಯಾಗಿಯೂ ಚಿತ್ರವಾಗಿಯೂ ಒಟ್ಟಿಗೆ ಇಳಿಸಿದ ಈ ಪರಿಹಾರ ಅಪರೂಪದ್ದು. ಈ ಗುಡಿ ಪೂರ್ತಿಯಾಗಲಿಲ್ಲ, ಅದರ ಶಿಖರಗಳೂ ಇಂದು ಇಲ್ಲ. ಅದೇ ಊರಿನ 1219ರ ಕೇದಾರೇಶ್ವರದ ಶಿಖರವನ್ನು ಅದರ ಮೇಲೇ ಬೇರುಬಿಟ್ಟ ಮರ ಹಾಳುಗೆಡವಿತು.

ಅರಸೀಕೆರೆಯ ಈಶ್ವರ ಗುಡಿ ಇದಕ್ಕೆ ಸಮಾಧಾನ ಕೊಡುತ್ತದೆ. ಎರಡನೆಯ ವೀರಬಲ್ಲಾಳನ ಕೊನೆಯ ದಿನಗಳಲ್ಲಿ, 1220ರ ಸುಮಾರಿಗೆ ಎದ್ದ ಈ ಗುಡಿಯಲ್ಲಿ ಶಿಖರ ಇನ್ನೂ ನಿಂತಿದೆ. ಹಾಗಾಗಿ ಗೋಡೆಯ ಕಿರುಗುಡಿಯನ್ನೂ ಮೇಲಿನ ನಿಜ ಶಿಖರವನ್ನೂ ಒಂದೇ ನೋಟದಲ್ಲಿ ಹೋಲಿಸಬಹುದು. ಎದುರಿಗೆ ಹದಿನಾರು ಮೂಲೆಗಳ ನಕ್ಷತ್ರದ ತೆರೆದ ಮಂಟಪ, ಅದರ ಮೇಲೆ ಗುಮ್ಮಟದಂತಹ ಚಾವಣಿ. ಇಂಥದ್ದು ಹೊಯ್ಸಳ ನಾಡಿನಲ್ಲಿ ಬೇರೆ ಕಡೆ ಸಿಗುವುದು ಕಷ್ಟ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಅರಸೀಕೆರೆ ಅದರಲ್ಲಿಲ್ಲ. ಮಾದರಿ ಮತ್ತು ಮೂಲ ಎರಡನ್ನೂ ಒಟ್ಟಿಗೆ ಉಳಿಸಿಕೊಂಡ ಈ ಗುಡಿ ಇನ್ನೂ ಹೆಚ್ಚು ಜನರ ಗಮನಕ್ಕೆ ತಕ್ಕದ್ದು.

ಇಷ್ಟನ್ನೆಲ್ಲ ಮಾಡಿದವರು ಹೆಸರಿಲ್ಲದವರಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರನ್ನೂ, ಎದುರಾಳಿ ಶಿಲ್ಪಿಗಳನ್ನು ಮೀರಿಸಿದ ಬಿರುದುಗಳನ್ನೂ ಕೆತ್ತಿಸಿದ್ದಾರೆ. ರೂವಾರಿ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ ಹದಿಮೂರನೆಯ ಶತಮಾನದ ಸೋಮನಾಥಪುರದವರೆಗೆ ಸಿಗುತ್ತದೆ. ಆದರೆ ಸಹಿ ಹೆಚ್ಚಾಗಿ ವಿಗ್ರಹಗಳಿಗೇ ಸಂದಿತು. ಕಿರುಗುಡಿಗಳನ್ನು ಕಡೆದ ಕೈಗಳಿಗೆ ಆ ಮನ್ನಣೆ ಅಷ್ಟಾಗಿ ದೊರೆಯಲಿಲ್ಲ.

1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂತು. ಮುಂದಿನ ಕೆಲವು ದಶಕಗಳಲ್ಲಿ ಹೊಯ್ಸಳ ರಾಜ್ಯವೇ ಮುಗಿಯಿತು. ವಿಜಯನಗರದವರು ಹಿಡಿದದ್ದು ಕಗ್ಗಲ್ಲು. ಬೆರಳ ಗಾತ್ರದ ಅಂತಸ್ತುಗಳಿಗೆ ಆ ಕಲ್ಲು ಒಗ್ಗಲಿಲ್ಲ. ಗೋಡೆಗಳಲ್ಲಿ ಕುಂಭದಿಂದ ಎದ್ದ ಕಂಬದ ಮೇಲೆ ಒಂದು ಪಂಜರ, ಅಷ್ಟಕ್ಕೆ ಮಾದರಿ ಸರಳವಾಯಿತು. ಬೇಲೂರಿನ ಹೆಬ್ಬಾಗಿಲ ಗೋಪುರವನ್ನು ಎರಡನೆಯ ಹರಿಹರನ ಅಧಿಕಾರಿ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದಾಗ, ಕೂಟ, ಶಾಲೆ, ಪಂಜರಗಳು ಅದರ ಅಂತಸ್ತುಗಳಲ್ಲಿ ಸಾಲಾಗಿ ಮರಳಿದವು. ಆದರೆ ಈ ಸಲ ಅವನ್ನು ಮಾಡಿದವರು ಉಳಿ ಹಿಡಿದ ರೂವಾರಿಗಳಲ್ಲ, ಇಟ್ಟಿಗೆಯ ಮೇಲೆ ಕರಣೆ ಆಡಿಸುವ ಗಾರೆ ಕೆಲಸದವರು.